ಶಾಲೆಗೆ ಕಂಪ್ಯೂಟರ್ ಬಂತು, ಕಾವಲಿಗೆ ಯಾರು?

ಅಂತರ್ಜಾಲದ ಮೂಲಕ ಜರ್ಮನಿಗೆ ಮೊದಲ ಇ-ಮೇಲ್ ಬಂದು ತಲುಪಿದ್ದು 1984ರ ಆಗಸ್ಟ್‌ನಲ್ಲಿ, ಕಾರ್ಲ್ಸ್‌ರೂಹೆ ನಗರದ ವಿಶ್ವವಿದ್ಯಾನಿಲಯಕ್ಕೆ. ಗಣಕ ವಿಜ್ಞಾನಕ್ಕೆ ಹೆಸರಾದ ಅದೇ ಊರಿನ ಕೆಲವು ಶಾಲೆಗಳ ಸರ್ವರ್‌ಗಳು 2023ರ ಫೆಬ್ರವರಿಯಲ್ಲಿ ದುಷ್ಕರ್ಮಿಗಳ ವಶವಾದವು. ಕಡತಗಳಿಗೆ ಗೂಢಲಿಪಿಯ ಬೀಗ ಬಿದ್ದಿತ್ತು. ಬೀಗ ತೆಗೆಯಬೇಕಾದರೆ ಬಿಟ್‌ಕಾಯಿನ್ ರೂಪದಲ್ಲಿ ಹಣ ಕೊಡಬೇಕೆಂಬ ಬೇಡಿಕೆ ಬಂತು. ನಗರಾಡಳಿತ ಹಣ ತೆರಲು ಒಪ್ಪಲಿಲ್ಲ. ಮುನ್ನೆಚ್ಚರಿಕೆಯಾಗಿ ಇತರ ಶಾಲೆಗಳ ಜಾಲಸಂಪರ್ಕವನ್ನೂ ಕಡಿದುಹಾಕಿತು.

ಬ್ಯಾಂಕು, ಕಾರ್ಖಾನೆಗಳನ್ನು ಬಿಟ್ಟು ಶಾಲೆಯ ಮೇಲೆ ಕಣ್ಣೇಕೆ? ಉತ್ತರ ಸರಳ. ಶಾಲೆಯಲ್ಲಿ ಹಣವಿಲ್ಲದಿರಬಹುದು, ಮಾಹಿತಿ ಇದೆ. ಮಕ್ಕಳ ವಿಳಾಸ, ಅಂಕಪಟ್ಟಿ, ಅನಾರೋಗ್ಯದ ವಿವರ, ಶಿಸ್ತುಕ್ರಮದ ದಾಖಲೆ, ಪೋಷಕರ ದೂರವಾಣಿ ಸಂಖ್ಯೆ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಕಾವಲು ಮಾತ್ರ ತೀರಾ ಸಡಿಲ.

ಹಣ ಬಂದ ಬಗೆ

ಜರ್ಮನಿಯಲ್ಲಿ ಶಿಕ್ಷಕರ ನೇಮಕ, ಪಠ್ಯಕ್ರಮ ರಾಜ್ಯಗಳ ಹೊಣೆ. ಕಟ್ಟಡ, ಬೆಂಚು, ಕಂಪ್ಯೂಟರ್ ಸಾಮಾನ್ಯವಾಗಿ ಊರಿನ ಪುರಸಭೆಯ ಅಥವಾ ಜಿಲ್ಲಾಡಳಿತದ ಹೊಣೆ. ಈ ವ್ಯವಸ್ಥೆಗೆ ಕೇಂದ್ರ ಸರಕಾರ ನೆರವಾಗಲು ಸಂವಿಧಾನಕ್ಕೇ ತಿದ್ದುಪಡಿ ತರಬೇಕಾಯಿತು. ಹಾಗೆ 2019ರ ಮೇ ತಿಂಗಳಲ್ಲಿ ಜಾರಿಗೆ ಬಂದದ್ದು ‘ಡಿಜಿಟಲ್‌ಪಾಕ್ಟ್’ ಯೋಜನೆ. ಕೇಂದ್ರದ ಪಾಲು 500 ಕೋಟಿ ಯೂರೊ. ಕೊರೊನಾ ಕಾಲದಲ್ಲಿ ತಲಾ 50 ಕೋಟಿಯ ಮೂರು ಪೂರಕ ಕಂತುಗಳು ಸೇರಿದವು. 2024ರ ಮೇ ತಿಂಗಳಲ್ಲಿ ಯೋಜನೆ ಮುಗಿಯಿತು.

ಹಣ ಬೇಕಾದರೆ ಪ್ರತಿ ಶಾಲೆಯೂ ತಾನು ಇವುಗಳನ್ನೆಲ್ಲ ಬಳಸಿ ಹೇಗೆ ಕಲಿಸುತ್ತೇನೆಂಬ ನೀಲನಕ್ಷೆಯನ್ನು ಮೊದಲು ಬರೆದುಕೊಡಬೇಕಿತ್ತು. ಕೇಬಲ್, ವೈ-ಫೈ, ಡಿಜಿಟಲ್ ಹಲಗೆಗಳಿಗೆ ಹಣ ಸಿಕ್ಕಿತು. ದಿನನಿತ್ಯದ ನಿರ್ವಹಣೆಗೆ? ಅದು ಸ್ಥಳೀಯಾಡಳಿತದ ಸ್ವಂತ ಖರ್ಚು. ಜಾಲ ನಿರ್ವಾಹಕರ ವೆಚ್ಚಕ್ಕೆಂದು ನೆರವು ಬಂದದ್ದು 2020ರ ಪೂರಕ ಕಂತಿನಲ್ಲಿ. ಕುದುರೆ ಕೊಂಡ ಒಂದೂವರೆ ವರ್ಷದ ಮೇಲೆ ಹುರುಳಿಯ ಲೆಕ್ಕ ಹಾಕಿದಂತಾಯಿತು. ಎಷ್ಟೋ ಶಾಲೆಗಳಲ್ಲಿ ಗಣಿತದ ಅಥವಾ ಗಣಕದ ಮೇಷ್ಟ್ರೇ ವಾರಕ್ಕೆ ಕೆಲವು ತರಗತಿಗಳ ವಿನಾಯಿತಿ ಪಡೆದು ನೂರಾರು ಯಂತ್ರಗಳ ಜಾಲವನ್ನು ನೋಡಿಕೊಂಡು ಬಂದಿದ್ದಾರೆ.

ಗೋಡೆ ಎಲ್ಲಿ ಕಟ್ಟಬೇಕು?

ಶಾಲಾ ಜಾಲದ ಭದ್ರತೆಯ ಮೊದಲ ಪಾಠ ಬೇರ್ಪಡಿಸುವಿಕೆ. ಮುಖ್ಯೋಪಾಧ್ಯಾಯರ ಕಚೇರಿಯ ಜಾಲವೇ ಬೇರೆ, ಮಕ್ಕಳು ಕಲಿಯುವ ಜಾಲವೇ ಬೇರೆ ಇರಬೇಕು. ಇದಕ್ಕಾಗಿ ಎರಡೆರಡು ತಂತಿ ಎಳೆಯಬೇಕಿಲ್ಲ. ಒಂದೇ ಸ್ವಿಚ್‌ನೊಳಗೆ ‘ವಿ-ಲ್ಯಾನ್’ ಎಂಬ ಕಾಲ್ಪನಿಕ ಕೋಣೆಗಳನ್ನು ರಚಿಸಬಹುದು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಫೈರ್‌ವಾಲ್ ಕುಳಿತು, ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ನಿರ್ಧರಿಸುತ್ತದೆ. ಶಿಕ್ಷಕರ ಲ್ಯಾಪ್‌ಟಾಪ್, ಮಕ್ಕಳು ಮನೆಯಿಂದ ತರುವ ಮೊಬೈಲ್, ಅತಿಥಿಗಳ ಫೋನ್ ಇವಕ್ಕೂ ಪ್ರತ್ಯೇಕ ಕೋಣೆಗಳು.

ಕಾಗದದ ಮೇಲೆ ಇದು ಸುಂದರ. ಆದರೆ ಒಂದು ದಿನ ಕಚೇರಿಯ ಪ್ರಿಂಟರ್ ಸ್ಟಾಫ್ ರೂಮಿನಿಂದಲೂ ಬಳಕೆಯಾಗಲಿ ಎಂದು ಯಾರೋ ಕೇಳುತ್ತಾರೆ. ಗಡಿಬಿಡಿಯಲ್ಲಿ ಫೈರ್‌ವಾಲ್‌ನಲ್ಲೊಂದು ಕಿಂಡಿ ತೆರೆಯಲಾಗುತ್ತದೆ. ಆ ಕಿಂಡಿಯನ್ನು ಮುಚ್ಚಲು ಯಾರಿಗೂ ನೆನಪಿರುವುದಿಲ್ಲ.

ವೈ-ಫೈ ಗುಪ್ತಪದದ ಕಥೆಯೂ ಇಂಥದೇ. ಇಡೀ ಶಾಲೆಗೆ ಒಂದೇ ಗುಪ್ತಪದವಿದ್ದರೆ ಅದು ವಾರದೊಳಗೆ ಏಳನೆಯ ತರಗತಿಯ ಕೊನೆಯ ಬೆಂಚಿಗೆ ತಲುಪಿರುತ್ತದೆ. ಅದನ್ನು ಬದಲಿಸಿದರೆ ಎಲ್ಲ ಯಂತ್ರಗಳಲ್ಲೂ ಬದಲಿಸಬೇಕು. ಹಾಗಾಗಿ ಯಾರೂ ಬದಲಿಸುವುದಿಲ್ಲ. ಪ್ರತಿಯೊಬ್ಬರಿಗೂ ಅವರದೇ ಖಾತೆ ಅಥವಾ ಪ್ರಮಾಣಪತ್ರ ಕೊಡುವ ಪದ್ಧತಿ ಇದಕ್ಕೆ ಪರಿಹಾರ. ವಿದ್ಯಾರ್ಥಿ ಶಾಲೆ ಬಿಟ್ಟ ದಿನ ಅವನೊಬ್ಬನ ಖಾತೆ ಮುಚ್ಚಿದರಾಯಿತು.

ಮಕ್ಕಳ ಕಿತಾಪತಿಗೂ ಉಪಾಯವಿದೆ. ಕಾರ್ಲ್ಸ್‌ರೂಹೆ ಇರುವ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದಲ್ಲಿ ಬೆಳೆದ ‘ಲಿನಕ್ಸ್‌ಮಸ್ಟರ್’ ಎಂಬ ಮುಕ್ತ ತಂತ್ರಾಂಶ ತರಗತಿಯ ಕಂಪ್ಯೂಟರ್‌ಗಳನ್ನು ಪುನಃ ಚಾಲೂ ಮಾಡುವಾಗ ಮೂಲಸ್ಥಿತಿಗೆ ತರಬಲ್ಲದು. ಹಿಂದಿನ ಪಿರಿಯಡ್ಡಿನಲ್ಲಿ ಏನೇ ಕೆಡಿಸಿರಲಿ, ಮುಂದಿನ ತರಗತಿಗೆ ಸ್ವಚ್ಛ ಯಂತ್ರ ಸಿದ್ಧ. ಅಂಕಪಟ್ಟಿಯ ಸರ್ವರನ್ನು ಮಾತ್ರ ಹೀಗೆ ಒರೆಸಿ ಎಬ್ಬಿಸಲಾಗದು. ಅದಕ್ಕೆ ಪ್ರತಿ ಬೇಕು, ಆ ಪ್ರತಿ ಜಾಲದಿಂದ ಹೊರಗಿರಬೇಕು. ಒಳನುಗ್ಗಿದವರು ಮೊದಲು ಹುಡುಕುವುದೇ ಬ್ಯಾಕಪ್‌ಗಳನ್ನು. ಇಟ್ಟ ಪ್ರತಿಯಿಂದ ದತ್ತಾಂಶ ಮರಳಿ ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸುವ ಶಾಲೆಗಳಿಗಷ್ಟೇ ಆಪತ್ಕಾಲದಲ್ಲಿ ಅದರ ಮೇಲೆ ಭರವಸೆ ಇಡಲು ಸಾಧ್ಯ.

ಊರಿಗೇ ಬೀಗ ಬಿದ್ದಾಗ

ಶಾಲೆಯ ಜಾಲ ಊರಿನ ಜಾಲದ ಒಂದು ಕೊಂಬೆ. ಬುಡಕ್ಕೆ ಕೊಡಲಿ ಬಿದ್ದರೆ ಏನಾಗುತ್ತದೆಂಬುದನ್ನು ಆನ್‌ಹಾಲ್ಟ್-ಬಿಟರ್‌ಫೆಲ್ಡ್ ಜಿಲ್ಲೆ ಕಂಡಿದೆ. 2021ರ ಜುಲೈನಲ್ಲಿ ಅದರ ಆಡಳಿತ ಜಾಲ ಸ್ತಬ್ಧಗೊಂಡಾಗ ಸಾಮಾಜಿಕ ನೆರವಿನ ಪಾವತಿಗಳೂ ಸಿಕ್ಕಿಬಿದ್ದವು. ಪ್ರವಾಹಕ್ಕೆ ಘೋಷಿಸುವಂತೆ ಅಲ್ಲಿ ವಿಪತ್ತು ಸ್ಥಿತಿ ಘೋಷಿಸಲಾಯಿತು. ಸೈಬರ್ ದಾಳಿಗಾಗಿ ಜರ್ಮನಿಯಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಆ ಸ್ಥಿತಿ ಆರು ತಿಂಗಳು ದಾಟಿತು.

2023ರ ಅಕ್ಟೋಬರ್ ಕೊನೆಯಲ್ಲಿ ‘ಸ್ಯೂಡ್‌ವೆಸ್ಟ್‌ಫಾಲೆನ್-ಐಟಿ’ ಎಂಬ ಸಾರ್ವಜನಿಕ ಸೇವಾಸಂಸ್ಥೆಯ ಮೇಲೆ ದಾಳಿಯಾದಾಗ ಅದನ್ನೇ ನಂಬಿದ್ದ 70ಕ್ಕೂ ಹೆಚ್ಚು ಸ್ಥಳೀಯಾಡಳಿತಗಳ ಕೆಲಸ ಕುಂಟಿತು. ದೂರದಿಂದ ಜಾಲಕ್ಕೆ ಪ್ರವೇಶಿಸುವ ಬಾಗಿಲಿಗೆ ಗುಪ್ತಪದದ ಜತೆಗೆ ಎರಡನೆಯ ದೃಢೀಕರಣ ಇರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಿತ್ತು. ಮೊಬೈಲಿಗೆ ಒಟಿಪಿ ಬರುವಂಥ ಆ ಪುಟ್ಟ ವ್ಯವಸ್ಥೆಯನ್ನು ಕೋಟೆ ಕೊಳ್ಳೆ ಹೋದ ಮೇಲೆ ಅಳವಡಿಸುವುದಕ್ಕಿಂತ ಮೊದಲೇ ಅಳವಡಿಸುವುದು ಎಷ್ಟೋ ಅಗ್ಗ.

ಊರಿನ ಹೊರಗಿರುವ ದತ್ತಾಂಶದ ಗತಿ ಇನ್ನೂ ಕ್ಲಿಷ್ಟ. ಉತ್ತರ ಅಮೆರಿಕದ ಸಾವಿರಾರು ಶಾಲೆಗಳ ದಾಖಲೆ ಕಾಯುವ ‘ಪವರ್‌ಸ್ಕೂಲ್’ ಕಂಪನಿಗೆ 2024ರ ಡಿಸೆಂಬರ್‌ನಲ್ಲಿ ಕದ್ದ ಗುಪ್ತಪದವೊಂದರಿಂದ ಕನ್ನ ಬಿತ್ತು. ತಪ್ಪೊಪ್ಪಿಕೊಂಡವನು 19ರ ವಯಸ್ಸಿನ ಕಾಲೇಜು ವಿದ್ಯಾರ್ಥಿ. 2025ರ ಅಕ್ಟೋಬರ್‌ನಲ್ಲಿ ಅವನಿಗೆ ನಾಲ್ಕು ವರ್ಷ ಸೆರೆವಾಸ ವಿಧಿಸಲಾಯಿತು. ಕದ್ದ ಮಾಹಿತಿ ಅಳಿಸಿಹಾಕಲೆಂದು ಕಂಪನಿ ಹಣ ಕೊಟ್ಟಿತ್ತು. ಆದರೂ 2025ರ ಮೇ ತಿಂಗಳಲ್ಲಿ ಅದೇ ಮಾಹಿತಿ ಹಿಡಿದು ಶಾಲಾ ಮಂಡಳಿಗಳಿಗೆ ಮತ್ತೆ ಬೆದರಿಕೆ ಬಂತು. ಟೊರಾಂಟೊ ಮಂಡಳಿಯೊಂದರಲ್ಲೇ 1985ರಿಂದೀಚಿನ ವಿದ್ಯಾರ್ಥಿಗಳ ದಾಖಲೆಗಳು ದಾಳಿಗೆ ಸಿಕ್ಕಿದ್ದವು. ಅಂದು ಬೆಂಚಿನ ಮೇಲೆ ಕುಳಿತಿದ್ದ ಮಕ್ಕಳಿಗೆ ಈಗ ಐವತ್ತರ ಆಸುಪಾಸು.