ಪೀಪಾಯಿಯೂ ಹೂಜಿಯೂ

ಗುಂಡ್ಲುಪೇಟೆಯ ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಾಗುವುದನ್ನು ವಾಚಕರೆಲ್ಲರೂ ಬಲ್ಲರು. ಹೂಜಿಯ ಸೂಕ್ಷ್ಮರಂಧ್ರಗಳಿಂದ ನೀರು ಒಸರಿ, ಆವಿಯಾಗುವಾಗ ತನ್ನೊಡನೆ ಶಾಖವನ್ನೂ ಒಯ್ಯುತ್ತದೆ. ಅದೇ ಹೂಜಿಯನ್ನು ಆಷಾಢದ ಮಂಗಳೂರಿಗೆ ಕೊಂಡೊಯ್ದರೆ ಅದರ ಮಹಿಮೆ ಕುಂದುತ್ತದೆ. ಅಲ್ಲಿಯ ಗಾಳಿಯಲ್ಲಿ ನೀರಾವಿ ಮೊದಲೇ ತುಂಬಿರುತ್ತದೆ. ಇಷ್ಟನ್ನು ತಿಳಿದವರಿಗೆ ವಿಸ್ಕಿಯ ಪೀಪಾಯಿಯ ವ್ಯವಹಾರವೂ ಅರ್ಧ ತಿಳಿದಂತೆಯೇ.

ಚಾಮರಾಜನಗರದಲ್ಲಿ ಭೌತಶಾಸ್ತ್ರ ಬೋಧಿಸುವ ನಮಗೆ ವಿಸ್ಕಿಯ ಗೊಡವೆ ಏಕೆಂದು ಕೆಲವರು ಕೇಳಬಹುದು. ಬೆಂಗಳೂರಿನ ನಮ್ಮ ಮಿತ್ರರೊಬ್ಬರು ಈ ಪಾನೀಯದ ರಸಿಕರು. ಅವರೊಡನೆ ಆ ನಗರದ ನಾಲ್ಕಾರು ಪಬ್ಬುಗಳನ್ನು ಸುತ್ತಿದ್ದುಂಟು. ಮಿತವಾಗಿ ರುಚಿ ನೋಡಿದ್ದೂ ಉಂಟು. ಅವರು ಪರಿಮಳವನ್ನು ವರ್ಣಿಸುತ್ತಿದ್ದಾಗ ನಾವು ಲೋಟದ ಒಳಗೋಡೆಯನ್ನು ನೋಡುತ್ತಿದ್ದೆವು. ವಿಸ್ಕಿಯ ತೆಳುಪದರವು ಗಾಜಿನ ಮೇಲೇರಿ, ಹನಿಗಟ್ಟಿ, ಕಣ್ಣೀರಿನಂತೆ ಕೆಳಗಿಳಿಯುತ್ತದೆ. ತೆಳುಪದರದಿಂದ ಮದ್ಯಸಾರ ಬೇಗ ಆವಿಯಾದಾಗ ಅಲ್ಲಿ ನೀರಿನ ಪ್ರಮಾಣವೂ, ಅದರೊಡನೆ ಮೇಲ್ಮೈ ಎಳೆತವೂ ಹೆಚ್ಚಿ, ಕೆಳಗಿನ ದ್ರವವನ್ನು ಮೇಲಕ್ಕೆ ಸೆಳೆಯುತ್ತವೆ. ಲಾರ್ಡ್ ಕೆಲ್ವಿನ್ನರ ಅಣ್ಣ ಜೇಮ್ಸ್ ಥಾಮ್ಸನ್ನರು 1855ರಲ್ಲಿಯೇ ಇದನ್ನು ವಿವರಿಸಿದರು.

ನಮ್ಮೂರಿನಿಂದ ಮೈಸೂರಿನ ಮೂಲಕ ಬೆಂಗಳೂರಿಗೆ ಹೋಗುವ ದಾರಿಯಲ್ಲಿ, ಕೆಂಗೇರಿ ಬರುವ ಮುನ್ನ, ಕಂಬೀಪುರವೆಂಬ ಊರಿದೆ. 1948ರಲ್ಲಿ ಸ್ಥಾಪಿತವಾದ ಅಮೃತ್ ಡಿಸ್ಟಿಲರೀಸ್ ಸಂಸ್ಥೆಯ ಭಟ್ಟಿಗಳಿರುವುದು ಇಲ್ಲಿಯೇ. ನಮ್ಮ ದೇಶದಲ್ಲಿ ವಿಸ್ಕಿಯ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಬಂದ ಮದ್ಯಸಾರ; ಯುರೋಪಿನ ನಿಯಮಗಳು ಅದನ್ನು ವಿಸ್ಕಿಯೆಂದು ಒಪ್ಪುವುದೇ ಇಲ್ಲ. ಮೊಳಕೆ ಕಟ್ಟಿದ ಬಾರ್ಲಿಯೊಂದರಿಂದಲೇ ತಯಾರಿಸಿದ ತನ್ನ ವಿಸ್ಕಿಯನ್ನು ಅಮೃತ್ ಸಂಸ್ಥೆಯು 2004ರ ಆಗಸ್ಟಿನಲ್ಲಿ ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ಬೀಗರ ಮನೆಗೆ ಹೋಗಿ ಅವರಿಗೇ ಒಬ್ಬಟ್ಟು ಬಡಿಸಿದಂತಹ ಸಾಹಸವಿದು. ವಿಸ್ಕಿಯ ವಿಮರ್ಶಕ ಜಿಮ್ ಮರ್‍ರೇ ಅವರು ತಮ್ಮ 2010ರ ಕೈಪಿಡಿಯಲ್ಲಿ ಇದೇ ಸಂಸ್ಥೆಯ 'ಫ್ಯೂಷನ್' ಎಂಬುದಕ್ಕೆ ಜಗತ್ತಿನಲ್ಲಿ ಮೂರನೆಯ ಸ್ಥಾನ ಕೊಟ್ಟರು.

ಮೊಳಕೆಯ ಬಾರ್ಲಿಯ ಪಿಷ್ಟವು ಸಕ್ಕರೆಯಾಗಿ, ಹುದುಗು ಬಂದು, ನೂರಕ್ಕೆ ಎಂಟರಷ್ಟು ಮದ್ಯಸಾರವುಳ್ಳ ದ್ರವವಾಗುತ್ತದೆ. ಇದನ್ನು ತಾಮ್ರದ ಹಂಡೆಗಳಲ್ಲಿ ಎರಡು ಬಾರಿ ಬಟ್ಟಿ ಇಳಿಸುತ್ತಾರೆ. ಮದ್ಯಸಾರದ ಕುದಿಬಿಂದು 78 ಡಿಗ್ರಿ ಸೆಂಟಿಗ್ರೇಡ್, ನೀರಿನದು 100. ಹಾಗಾದರೆ 78ರಲ್ಲಿ ಮದ್ಯಸಾರವೆಲ್ಲ ಹೊರಟುಹೋಗಿ ನೀರು ಉಳಿಯಬೇಕಲ್ಲವೆ? ಹಾಗಾಗುವುದಿಲ್ಲ. ಮಿಶ್ರಣವು ಇವೆರಡರ ನಡುವಿನ ಉಷ್ಣತೆಯಲ್ಲಿ ಕುದಿಯುತ್ತದೆ. ಆವಿಯಲ್ಲಿ ಎರಡೂ ಇರುತ್ತವೆ, ಮದ್ಯಸಾರದ ಪಾಲು ಹೆಚ್ಚಾಗಿರುತ್ತದೆ, ಅಷ್ಟೆ. ಮೊದಲ ಬಾರಿಗೆ ನೂರಕ್ಕೆ ಇಪ್ಪತ್ತರ ಆಸುಪಾಸು, ಎರಡನೆಯ ಬಾರಿಗೆ ಎಪ್ಪತ್ತರ ಆಸುಪಾಸು ದೊರೆಯುವುದು ಇದರಿಂದಲೇ.

ತರಗತಿಯಲ್ಲಿ ಇದನ್ನು ಹೇಳಿದಾಗ ವಿದ್ಯಾರ್ಥಿಯೊಬ್ಬನು, "ಮೆಥನಾಲ್ 65 ಡಿಗ್ರಿಯಲ್ಲೇ ಕುದಿಯುತ್ತದಲ್ಲ ಸಾರ್, ಕಳ್ಳಭಟ್ಟಿಯನ್ನು ಕಾಯಿಸಿ ವಿಷ ತೆಗೆಯಬಹುದೆ?" ಎಂದು ಕೇಳಿದನು. ಆಗದು. ಮೇಲೆ ಹೇಳಿದ ಕಾರಣವೇ ಇಲ್ಲಿಯೂ ಅಡ್ಡಬರುತ್ತದೆ: ಮಿಶ್ರಣದೊಳಗೆ ಮೆಥನಾಲು ತನ್ನ ಕುದಿಬಿಂದುವಿನಲ್ಲಿ ಒಂಟಿಯಾಗಿ ಎದ್ದುಹೋಗುವುದಿಲ್ಲ. ಬಣ್ಣದಿಂದಲೂ ರುಚಿಯಿಂದಲೂ ಅದನ್ನು ಗುರುತಿಸಲಾಗದು. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ದೃಷ್ಟಿನರವನ್ನು, ಆಮೇಲೆ ಪ್ರಾಣವನ್ನೇ ತೆಗೆಯುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ, ಮತ್ತೆ 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಲೂ ತಮಿಳುನಾಡಿನ ಗಡಿಯಲ್ಲೂ ವಿಷಮದ್ಯಕ್ಕೆ ಬಲಿಯಾದವರು ಪ್ರತಿಬಾರಿಯೂ ನೂರನ್ನು ಮೀರಿದರು, ಹೆಚ್ಚಿನವರು ಕೂಲಿಯವರು. ಆ ಹುಡುಗನು ಏಕೆ ಕೇಳಿದನೆಂದು ನಾವು ವಿಚಾರಿಸಲಿಲ್ಲ. ಉತ್ತರವನ್ನು ಮಾತ್ರ ಎರಡು ಬಾರಿ ಹೇಳಿದೆವು.

ಇನ್ನು ಪೀಪಾಯಿ. ಬಟ್ಟಿಯಿಂದಿಳಿದ ದ್ರವವು ನೀರಿನಂತೆ ತಿಳಿಯಾಗಿರುತ್ತದೆ; ಬಣ್ಣವೂ ಸುವಾಸನೆಯ ಬಹುಭಾಗವೂ ಬರುವುದು ಓಕ್ ಮರದ ಪೀಪಾಯಿಯಿಂದ. ಹೂಜಿಯಂತೆಯೇ ಪೀಪಾಯಿಯೂ ಉಸಿರಾಡುತ್ತದೆ. ಗಾಳಿಯಲ್ಲಿ ನೀರಾವಿ ಇರುವುದುಂಟು, ಮದ್ಯಸಾರದ ಆವಿ ಇರುವುದಿಲ್ಲವಷ್ಟೆ? ಆದ್ದರಿಂದ ತೇವದ ಸ್ಕಾಟ್ಲೆಂಡಿನಲ್ಲಿ ನೀರು ತಡೆದು ನಿಂತು ಮದ್ಯಸಾರವೇ ಹೆಚ್ಚಾಗಿ ಹೊರಡುತ್ತದೆ. ವರ್ಷಗಳು ಕಳೆದಂತೆ ವಿಸ್ಕಿಯ ತೀಕ್ಷ್ಣತೆ ಇಳಿಯುತ್ತದೆ. ಒಣಹವೆಯಲ್ಲಿ ನೀರೇ ಮುಂದಾಗಿ ಹೊರಟು ತೀಕ್ಷ್ಣತೆ ಏರುವುದೂ ಉಂಟು. ಹೀಗೆ ಹಾರಿಹೋದುದನ್ನು ಅಲ್ಲಿಯವರು 'ದೇವದೂತರ ಪಾಲು' ಎನ್ನುತ್ತಾರೆ. ಸ್ಕಾಟ್ಲೆಂಡಿನ ದೇವದೂತರು ವರ್ಷಕ್ಕೆ ನೂರಕ್ಕೆ ಎರಡರಷ್ಟಕ್ಕೆ ತೃಪ್ತರು. ಬೆಂಗಳೂರಿನವರಿಗೆ ಹತ್ತು, ಹನ್ನೆರಡು ಬೇಕು.

ಆದರೆ ಆ ಶಾಖವೇ ಪಕ್ವತೆಯನ್ನೂ ತ್ವರೆಗೊಳಿಸುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗವು ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ಎರಡು ನಾಡುಗಳ ಸರಾಸರಿ ಉಷ್ಣತೆಯ ಅಂತರ ಸುಮಾರು 15 ಡಿಗ್ರಿ. ಎಂದರೆ ಇಲ್ಲಿಯ ಒಂದು ವರ್ಷ ಅಲ್ಲಿಯ ಮೂರಕ್ಕೆ ಹತ್ತಿರ.

ನಮ್ಮ ಮಿತ್ರರಿಗೆ ಸೀಸೆಯ ಮೇಲೆ 12 ಎಂಬ ಅಂಕಿ ಇಲ್ಲದಿದ್ದರೆ ಸಮಾಧಾನವಿರಲಿಲ್ಲ. ಪಬ್ಬಿನ ಬಿಲ್ಲಿನ ಹಿಂಬದಿಯಲ್ಲಿ ನಾವು ಲೆಕ್ಕ ಹಾಕಿ ತೋರಿಸಿದೆವು: 100 ಲೀಟರಿನಲ್ಲಿ ವರ್ಷಕ್ಕೆ ಹತ್ತನೆಯ ಒಂದಂಶ ಹೋದರೆ ನಾಲ್ಕು ವರ್ಷಕ್ಕೆ 66 ಲೀಟರು, ಎಂಟಕ್ಕೆ 43, ಹನ್ನೆರಡಕ್ಕೆ 28. ಅಮೃತ್ ಸಂಸ್ಥೆಯು 2013ರಲ್ಲಿ ಎಂಟು ವರ್ಷದ ವಿಸ್ಕಿಯೊಂದನ್ನು ಹೊರತಂದಾಗ ಅದಕ್ಕೆ 'ಗ್ರೀಡಿ ಏಂಜೆಲ್ಸ್', ಎಂದರೆ ಹೊಟ್ಟೆಬಾಕ ದೇವದೂತರು, ಎಂದೇ ಹೆಸರಿಟ್ಟಿತು. ಮಿತ್ರರು ಲೆಕ್ಕವನ್ನು ಇನ್ನೊಮ್ಮೆ ಪರಿಶೀಲಿಸಿ, ಬಿಲ್ಲನ್ನು ನಮ್ಮ ಕಡೆಗೆ ತಿರುಗಿಸಿಟ್ಟರು.