ಗಾಯರಾಣದ ಕಥೆ ಅಚ್ಚಾದರೆ ನೆಲ ಉಳಿದೀತು

ಸರ್ಕಾರಿ ಕಡತದಲ್ಲಿ ‘ಪಾಳು’ ಎಂದು ದಾಖಲಾದ ನೆಲಕ್ಕೆ ಊರವರ ಬಾಯಲ್ಲಿ ಬೇರೆಯೇ ಹೆಸರಿರುತ್ತದೆ. ಒಂದು ದನ ಮೇಯುವ ಗಾಯರಾಣ, ಇನ್ನೊಂದು ಕಟ್ಟಿಗೆ ಆಯುವ ಗುಡ್ಡ. ಕಡತದ ಮಾತು ಕಾಗದದ ಮೇಲಿದೆ. ಊರವರ ಮಾತು ಹಿರಿಯರ ನೆನಪಿನಲ್ಲಿ ಮಾತ್ರ ಇದೆ. ವಿವಾದ ಎದ್ದಾಗ ಸಾಮಾನ್ಯವಾಗಿ ಗೆಲ್ಲುವುದು ಕಾಗದವೇ. ಹಾಗಾದರೆ ಆ ನೆನಪನ್ನೂ ಅಚ್ಚಿಗೆ ಇಳಿಸಿದರೆ? ಇದಕ್ಕೆ ಉತ್ತರ ಧಾರವಾಡ ಸೀಮೆಯಲ್ಲೇ ಇದೆ.

ಕುಸನೂರಿನ ಪಾಠ

1984ರಲ್ಲಿ ರಾಜ್ಯ ಸರ್ಕಾರ ಹಾಗೂ ಹರಿಹರ ಪಾಲಿಫೈಬರ್ಸ್ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಹುಟ್ಟಿತು. ಸುಮಾರು 75,000 ಎಕರೆ ‘ಸಿ’ ಮತ್ತು ‘ಡಿ’ ದರ್ಜೆಯ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯಂಥ ಮರ ಬೆಳೆಸಿ ಕಾರ್ಖಾನೆಗೆ ಒದಗಿಸುವುದು ಅದರ ಉದ್ದೇಶವಾಗಿತ್ತು. ಮೇವು, ಉರುವಲಿಗೆ ಅದೇ ನೆಲವನ್ನು ನಂಬಿದ್ದ ಹಳ್ಳಿಗರು ಕಂಗೆಟ್ಟರು.

ಎಸ್.ಆರ್. ಹಿರೇಮಠರ ನೇತೃತ್ವದಲ್ಲಿ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹೋರಾಟಕ್ಕಿಳಿಯಿತು. ಸುಪ್ರೀಂ ಕೋರ್ಟಿನ ಅರ್ಜಿಯಲ್ಲಿ ಮೊದಲ ಹೆಸರು ಕಾದಂಬರಿಕಾರ ಶಿವರಾಮ ಕಾರಂತರದು. ತುಂಡು ಭೂಮಿಯನ್ನು ಉಳುವ ಆಸೆ ಕೈಗೂಡದೆ ಕಣ್ಮುಚ್ಚಿದ ಚೋಮನನ್ನು ಕನ್ನಡಿಗರ ಮನಸ್ಸಿನಲ್ಲಿ ನಿಲ್ಲಿಸಿದವರು ಅವರೇ. 1987ರ ಮಾರ್ಚ್‌ನಲ್ಲಿ ನ್ಯಾಯಾಲಯ ಇನ್ನಷ್ಟು ಭೂಮಿಯ ಹಸ್ತಾಂತರಕ್ಕೆ ತಡೆ ನೀಡಿತು.

ಅದೇ ವರ್ಷ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದ, ಈಗ ಹಾವೇರಿಗೆ ಸೇರಿರುವ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಸುಮಾರು 2,000 ಜನ ಮೆರವಣಿಗೆಯಲ್ಲಿ ಹೋಗಿ ನೀಲಗಿರಿ ಸಸಿ ಕಿತ್ತು, ಹಣ್ಣು ಮತ್ತು ಮೇವಿನ ಗಿಡ ಹಚ್ಚಿದರು. 1988ರಲ್ಲಿ ಸಮುದಾಯವು ಸಾರ್ವಜನಿಕ ಭೂಮಿಯ ಪ್ರಶ್ನೆಯನ್ನು ಕುರಿತ ‘ವಿದರ್ ಕಾಮನ್ ಲ್ಯಾಂಡ್ಸ್?’ ಎಂಬ ಇಂಗ್ಲಿಷ್ ಗ್ರಂಥವನ್ನು ಧಾರವಾಡದಿಂದಲೇ ಪ್ರಕಟಿಸಿತು. 1991ರಲ್ಲಿ ಕಂಪನಿ ಮುಚ್ಚಿತು.

ಪುಸ್ತಕವೊಂದೇ ನೆಲ ಉಳಿಸಿತು ಎನ್ನಲಾಗದು. ಆದರೆ ಸ್ಥಳೀಯ ಅಳಲನ್ನು ದೂರದ ಓದುಗರಿಗೂ ತಲುಪಿಸಿ, ಚಳವಳಿಯನ್ನು ದಾಖಲೆಯಾಗಿ ಉಳಿಸಿದ್ದು ಅಚ್ಚು ಎಂಬುದರಲ್ಲಿ ಸಂಶಯವಿಲ್ಲ.

ಇಂದಿನ ಅಗತ್ಯ

ಇಂದು ಅಂಥ ದಾಖಲೆ ಎಲ್ಲಿ ಬೇಕು? ನವಲಗುಂದ, ಅಣ್ಣಿಗೇರಿ ಭಾಗದ ಎರೆ ಸೀಮೆಯಲ್ಲಿ ಅಂತರ್ಜಲ ಸವುಳು. ಕುಡಿಯುವ ನೀರಿಗೆ ಕೆರೆಯೇ ಆಧಾರ. ಅಲ್ಲಿ ಕೆರೆಯಂಗಳದ ಚರಿತ್ರೆ ತಿಳಿಯುವುದೆಂದರೆ ನೀರಿನ ಹಕ್ಕನ್ನು ತಿಳಿದಂತೆ. ಅರೆಮಲೆನಾಡಾದ ಕಲಘಟಗಿಯಲ್ಲಿ ಕಾಡಂಚಿನ ಗುಡ್ಡಗಳ ನೆನಪು ಮುಖ್ಯ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ ಸಿರಿಧಾನ್ಯಗಳ ಬೀಜ ಬ್ಯಾಂಕ್ ನಡೆಸುವ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸಂದಿತು. ಇಂಥ ಬೀಜಜ್ಞಾನ ತಲೆಮಾರಿನಿಂದ ತಲೆಮಾರಿಗೆ ಬಂದದ್ದು ಬಾಯಿಮಾತಿನಲ್ಲಿಯೇ.

ಕಾನೂನಿನಲ್ಲಿಯೂ ಇದಕ್ಕೆ ಎಡೆಯಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ನಿರ್ವಹಣಾ ಸಮಿತಿ ಇರಬೇಕು. ಅದು ಜನರೊಡನೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಅಜ್ಜ–ಅಜ್ಜಿಯರು ಹೇಳುವ ಗಿಡ, ಹುಲ್ಲು, ಹಳ್ಳಗಳ ವಿವರವೇ ಅದರ ಜೀವಾಳ.

ಮಾಡುವುದು ಹೇಗೆ?

ಊರಿನ ಶಾಲೆ, ಯುವಕ ಸಂಘ ಅಥವಾ ಗ್ರಂಥಾಲಯ ಈ ಕೆಲಸ ಆರಂಭಿಸಬಹುದು. ಸಂಜೆ ಕಟ್ಟೆಯ ಮೇಲೆ ಹಿರಿಯರ ಮಾತನ್ನು ಅವರ ಆಡುನುಡಿಯಲ್ಲಿಯೇ, ಅವರ ಒಪ್ಪಿಗೆ ಪಡೆದು, ಬರೆದುಕೊಳ್ಳಬೇಕು. ಹೇಳಿದ ಜಾಗವನ್ನು ಪಹಣಿ, ಸರ್ವೆ ನಂಬರು ಹಾಗೂ ಗ್ರಾಮ ನಕಾಶೆಯೊಡನೆ ತಾಳೆ ನೋಡಬೇಕು. ಬಳಿಕ 32 ಪುಟದ ಪುಸ್ತಿಕೆ ಸಾಕು. ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ತಪ್ಪು ತಿದ್ದಿ, ಪ್ರತಿಯೊಂದನ್ನು ಪಂಚಾಯಿತಿಗೆ ಒಪ್ಪಿಸಬೇಕು. ಖರ್ಚಿನ ಚಿಂತೆಗೆ ಧಾರವಾಡದಲ್ಲೇ ಮಾದರಿಯಿದೆ: 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಬೆಳೆದದ್ದು ಚಂದಾದಾರರ ಬಲದಿಂದ.

ಒಂದು ಎಚ್ಚರ ಅಗತ್ಯ. ಉತ್ಪ್ರೇಕ್ಷೆಯ ಕಥೆ ಮೊದಲ ವಿಚಾರಣೆಯಲ್ಲೇ ಬಿದ್ದುಹೋಗುತ್ತದೆ. ಜಾಗ, ಕಾಲ, ಬಳಕೆ ಮೂರನ್ನೂ ಸರಿಯಾಗಿ ಹೇಳುವ ಸರಳ ನೆನಪು ನಿಲ್ಲುತ್ತದೆ. ಅದನ್ನು ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆದುದರಿಂದ ಈ ಕೆಲಸ ಮುಂದಿನ ವರ್ಷಕ್ಕೆ ಕಾಯುವಂಥದಲ್ಲ.