ಮರಳಿನ ಕಣಕ್ಕೊಂದು ಬೊಟ್ಟು ಅಂಟು

ಒದ್ದೆ ಗೋಡೆಗೆ ಚೀಟಿ ಅಂಟಿಸಲು ಹೋದರೆ ಜಾರಿ ಬೀಳುತ್ತದೆ. ಆದರೆ ಕ್ಯಾಲಿಫೋರ್ನಿಯಾದ ಕಡಲಂಚಿನಲ್ಲಿ, ಅಲೆಗಳು ಬಂಡೆಗೆ ಅಪ್ಪಳಿಸುವ ಜಾಗದಲ್ಲೇ, ನೀರಿನಲ್ಲಿ ಮುಳುಗಿಕೊಂಡೇ ಮರಳಿನ ಮನೆ ಕಟ್ಟುವ ಹುಳುವೊಂದಿದೆ! ಉದ್ದ ಕೆಲವೇ ಸೆಂಟಿಮೀಟರ್ ಅಷ್ಟೇ. ವಿಜ್ಞಾನಿಗಳಿಗೆ ಅದು ಫ್ರಾಗ್ಮಾಟೊಪೋಮಾ ಕ್ಯಾಲಿಫೋರ್ನಿಕಾ, ಜನರಿಗೆ ಸ್ಯಾಂಡ್‌ಕ್ಯಾಸಲ್ ವರ್ಮ್.

ಅದು ಕೆಲಸ ಮಾಡುವ ಪರಿ ನೋಡಿ! ಮೀಸೆಯಂಥ ಎಳೆಗಳು ನೀರಿನಲ್ಲಿ ತೇಲಿಬರುವ ಮರಳಿನ ಕಣವನ್ನೋ ಚಿಪ್ಪಿನ ಚೂರನ್ನೋ ಹಿಡಿದು ಬಾಯಿಯ ಹತ್ತಿರ ತರುತ್ತವೆ. ಅಲ್ಲಿರುವ ಪುಟ್ಟ ಅಂಗವೊಂದು ಅದನ್ನು ತಿರುಗಿಸಿ, ತಡವಿ, ಸರಿಹೊಂದೀತೇ ಎಂದು ಪರೀಕ್ಷಿಸುತ್ತದೆ. ಹೊಂದದಿದ್ದರೆ ಎಸೆದುಬಿಡುತ್ತದೆ. ಹೊಂದಿದರೆ ಸಣ್ಣ ಬೊಟ್ಟುಗಳಲ್ಲಿ ಅಂಟು ಹಚ್ಚಿ, ಕೊಳವೆಯ ಅಂಚಿಗೆ ಕೂರಿಸಿ, ಅಲುಗಾಡಿಸಿ ನೋಡಿ, ಒತ್ತಿ ಹಿಡಿಯುತ್ತದೆ. ಸುಮಾರು 30 ಸೆಕೆಂಡು, ಅಂಟು ಕಚ್ಚಿತು! ಕೆಲವು ಗಂಟೆಗಳಲ್ಲಿ ಅದು ತೊಗಲಿನಷ್ಟು ಗಟ್ಟಿಯಾಗುತ್ತದೆ. ಕಣಕ್ಕೆ ಕಣ ತಾಗುವಲ್ಲಿ ಮಾತ್ರ ಅಂಟು, ಒಂದಿಷ್ಟೂ ದಂಡವಿಲ್ಲ. ಹೀಗೆ ಸಾವಿರಾರು ಹುಳುಗಳು ಒತ್ತೊತ್ತಾಗಿ ಕಟ್ಟಿದಾಗ ಬಂಡೆಯ ಮೇಲೊಂದು ಜೇನುಗೂಡೇ ಎದ್ದು ನಿಲ್ಲುತ್ತದೆ.

ನೀರಿನಲ್ಲಿದ್ದೂ ಈ ಅಂಟು ಕರಗಿ ಹೋಗುವುದಿಲ್ಲ ಏಕೆ? ಹುಳುವಿನ ಗ್ರಂಥಿಗಳು ಪರಸ್ಪರ ವಿರುದ್ಧ ವಿದ್ಯುದಂಶದ ಪ್ರೋಟೀನುಗಳನ್ನು ಆಮ್ಲೀಯ ಸ್ಥಿತಿಯಲ್ಲಿ ಕೂಡಿಟ್ಟಿರುತ್ತವೆ. ಹೊರಗಿನ ಕಡಲ ನೀರು ಕ್ಷಾರೀಯ. ಆ ಬದಲಾವಣೆ ತಗುಲಿದೊಡನೆ ಅಂಟು ಹೆಪ್ಪುಗಟ್ಟುತ್ತದೆ! ಆಮೇಲೆ ಅದನ್ನು ಬಿಗಿಗೊಳಿಸುವುದು ಡೋಪಾ ಎಂಬ ಘಟಕ. ನಮ್ಮ ಕರಾವಳಿಯ ಬಂಡೆಗಳಿಗೆ ಕಚ್ಚಿಕೊಳ್ಳುವ ಪಚ್ಚಿಲೆ ಎಂಬ ಚಿಪ್ಪುಜೀವಿಯ ಅಂಟಿನಲ್ಲಿಯೂ ಇರುವುದು ಅದೇ!

ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ರಸೆಲ್ ಸ್ಟೀವರ್ಟ್ ಅವರ ತಂಡ ಈ ಹುಳುಗಳಿಗೆ ಮರಳಿನ ಬದಲು ಗಾಜಿನ ಮಣಿ ಕೊಟ್ಟಿತು. ಹುಳುಗಳು ಹಿಂಜರಿಯಲೇ ಇಲ್ಲ, ಗಾಜಿನಲ್ಲೇ ಮನೆ ಕಟ್ಟಿದವು! ಮಣಿಗಳ ನಡುವಿನ ಅಂಟಿನ ಬೊಟ್ಟುಗಳು ಎದ್ದು ಕಂಡವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಅಂಟಿನ ತುಂಬ ನೊರೆಯಂತೆ ರಂಧ್ರಗಳು.

2009ರಲ್ಲಿ ಇದೇ ತಂಡ ಹುಳುವಿನ ಸೂತ್ರ ಅನುಸರಿಸಿ ಕೃತಕ ಅಂಟು ತಯಾರಿಸಿತು. ಗುರಿ, ನುಚ್ಚುನೂರಾದ ಮೂಳೆಯ ಚೂರುಗಳನ್ನು ಮತ್ತೆ ಕೂಡಿಸುವುದು. ನಮ್ಮ ದೇಹದೊಳಗೂ ಎಲ್ಲೆಲ್ಲೂ ಒದ್ದೆಯೇ ತಾನೆ? ಒದ್ದೆಯಲ್ಲಿ ಅಂಟಿಸುವ ವಿದ್ಯೆಗೆ ಈ ಪುಟ್ಟ ಹುಳುವೇ ಗುರು!